ಅಯ್ಯನವರ ಬಿ.ಎ.

ಮೊನ್ನೆ ನಮ್ಮ ಬೀದಿಯ ಇಸ್ತ್ರಿ ಗಾಡಿಯ ಮುಂದೆ ನಿಂತಿದ್ದೆ. ಗಂಜಿ ಹಾಕಿದ ಬಿಳಿ ಅಂಗಿಯ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಎಳೆದಾಗ ಏಳುವ ಬಿಸಿ ವಾಸನೆ ನಿಮಗೂ ಗೊತ್ತಿರಬೇಕಲ್ಲ? ಅದು ನನ್ನನ್ನು ತೊಂಬತ್ತರ ದಶಕದ ಶಿವಮೊಗ್ಗದ ಒಂದು ತರಗತಿಗೆ ಕರೆದೊಯ್ದಿತು. ಎರಡನೆಯ ಬೆಂಚಿನಲ್ಲಿ ಅಂಥದೇ ಅಂಗಿ ತೊಟ್ಟು ಕೈಕಟ್ಟಿ ಕುಳಿತ ನಡುವಯಸ್ಸಿನ ವಿದ್ಯಾರ್ಥಿ; ಅವರೆದುರು ಕನ್ನಡ ಪಾಠ ಹೇಳಲು ನಿಂತ, ಅವರಿಗಿಂತ ಎಷ್ಟೋ ಚಿಕ್ಕವಳಾದ ನಾನು.

ಅದು ಕ್ರೈಸ್ತರು ನಡೆಸುತ್ತಿದ್ದ ಕಾಲೇಜು. ನಾನು ಸೇರಿದ ವರ್ಷವೇ ನಮ್ಮ ಪ್ರಾಂಶುಪಾಲರು, ಪಾದ್ರಿಗಳನ್ನು ತಯಾರು ಮಾಡುವ ಬೈಬಲ್ ಶಾಲೆಯೊಂದರ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಅಲ್ಲಿ ಓದಿದ್ದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದು ನೇರವಾಗಿ ಎರಡನೆಯ ವರ್ಷದ ಬಿ.ಎ.ಗೆ ಸೇರಿಸಿಕೊಳ್ಳುವುದು. "ಅವರ ಓದಿಗೆ ನಾವು ಕ್ರೆಡಿಟ್ ಕೊಡ್ತೀವಮ್ಮ" ಎಂದರು. ಕ್ರೆಡಿಟ್ ಎಂದರೆ ಕಿರಾಣಿ ಅಂಗಡಿಯ ಉದ್ರಿ ಎಂದಷ್ಟೇ ಬಲ್ಲ ನಾನು ಗಂಭೀರವಾಗಿ ತಲೆಯಾಡಿಸಿದೆ.

ಹಾಗೆ ಬಂದವರು ಭದ್ರಾವತಿಯ ಕಾಗದನಗರದ ಸಣ್ಣ ಸಭೆಯೊಂದರ, ಅಂದರೆ ಚರ್ಚಿನ, ಪಾದ್ರಿ ದೇವಪ್ರಸಾದರು. ಎಲ್ಲರೂ ಅವರನ್ನು ಅಯ್ಯನವರೇ ಎನ್ನುತ್ತಿದ್ದರು. ನನ್ನ ನಾಲಿಗೆ ತೊಡರುತ್ತಿತ್ತು. ನಮ್ಮ ಲಿಂಗಾಯತರ ಮನೆಯಲ್ಲಿ ಅಯ್ಯನವರೆಂದರೆ ಪೂಜೆಗೆ ಬರುವ ಜಂಗಮರು. ಅವರು ಬಂದರೆ ನಾವು ಏಳಬೇಕು. ಇಲ್ಲಿ ಅಯ್ಯನವರೇ ಎದ್ದು "ನಮಸ್ಕಾರ ಮೇಡಂ" ಎನ್ನುತ್ತಿದ್ದರು. ಮೊದಲ ದಿನ ಗಾಬರಿಯಲ್ಲಿ ನಾನೂ ಎದ್ದು ನಿಲ್ಲಲು ಹೋದಾಗ, ಆಗಲೇ ನಿಂತಿದ್ದೇನೆಂದು ಅರಿವಾಯಿತು.

ಅವರ ಮನೆಮಾತು ತೆಲುಗು. ಕನ್ನಡವನ್ನೆಲ್ಲ ಬೈಬಲಿನಿಂದಲೇ ಕಲಿತವರು. ಪ್ರಶ್ನೆ ಕೇಳಿದರೆ "ಹೀಗಿರಲಾಗಿ..." ಎಂದು ಆರಂಭಿಸುತ್ತಿದ್ದರು. ಹುಡುಗರು ಮುಸಿಮುಸಿ ನಗುತ್ತಿದ್ದರು.

"ಈಗ ಯಾಕೆ ಡಿಗ್ರಿ, ಅಯ್ಯನವರೇ?" ಎಂದು ಒಮ್ಮೆ ಕೇಳಿದೆ.

"ಮದುವೆ ಮಾಡಿಸ್ತೀನಿ, ಮಣ್ಣು ಮಾಡಿಸ್ತೀನಿ ಮೇಡಂ. ಆದ್ರೆ ಸಭೆ ಮಕ್ಕಳು ಓದಿನ ವಿಚಾರ ಕೇಳಿದ್ರೆ ಬಾಯಿ ಕಟ್ಟುತ್ತೆ. ಕಾಲೇಜು ಅಂದ್ರೆ ಏನು ಅಂತ ಒಂದ್ಸಲ ಒಳಗೆ ಕೂತು ನೋಡೋ ಆಸೆ."

ಅದೇ ತರಗತಿಯ ಕೊನೆಯ ಬೆಂಚಿನಲ್ಲಿ ಅವರ ಮಗಳು ಕೃಪಾ ಕೂರುತ್ತಿದ್ದಳು. ಮೊದಲ ವಾರವೇ ಅವಳು ನನ್ನನ್ನು ಮೆಟ್ಟಿಲ ಬಳಿ ತಡೆದಳು. "ಮಿಸ್, ಅವರು ನಮ್ಮಪ್ಪ ಅಂತ ಕ್ಲಾಸಲ್ಲಿ ಹೇಳ್ಬೇಡಿ, ಪ್ಲೀಸ್."

ಅಪ್ಪನಿಗೂ ಇದು ಹೇಗೋ ತಿಳಿದಿತ್ತು. ಮಗಳು ಬರುವ ಬಸ್ಸಿಗೆ ಅವರು ಹತ್ತುತ್ತಿರಲಿಲ್ಲ. ಕಾಲೇಜಿನಲ್ಲಿ ಎದುರಾದರೆ ಬೇರೆ ಹುಡುಗಿಯರಿಗೆ ದಾರಿ ಬಿಡುವಂತೆಯೇ ಅವಳಿಗೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ದಸರಾ ರಜೆ ಕಳೆದ ಮೇಲೆ ಕೆಟ್ಟ ಸುದ್ದಿ ಬಂತು. ಬೈಬಲ್ ಶಾಲೆಯೂ ಕಾಲೇಜೂ ಒಪ್ಪಿದರೇನು, ಡಿಗ್ರಿ ಕೊಡಬೇಕಾದ ವಿಶ್ವವಿದ್ಯಾಲಯ ಒಪ್ಪಲಿಲ್ಲ. ಪ್ರಾಂಶುಪಾಲರು ಅಯ್ಯನವರನ್ನು ಸ್ಟಾಫ್ ರೂಮಿಗೆ ಕರೆಸಿ, ಡಿಗ್ರಿ ಬೇಕಿದ್ದರೆ ಬರುವ ವರ್ಷ ಮೊದಲಿನಿಂದ ಸೇರಬೇಕಾಗುತ್ತದೆಂದು ತಿಳಿಸಿದರು. ಹೇಳುವಾಗ ಅವರ ದನಿಯೂ ಕುಗ್ಗಿತ್ತು.

"ಅಲ್ಲಿ ಕಲ್ತಿದ್ದು ಏನೂ ಅಲ್ಲ ಅಂತಾನಾ, ಸರ್?" ಎಂದು ಅಯ್ಯನವರು ಕೇಳಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ನಾನು ಪಾಠಕ್ಕೆ ಹೋದೆ. ಅವರು ಬಾಗಿಲಲ್ಲಿ ನಿಂತು ಅನುಮತಿ ಕೇಳಿ, ಒಳಗೆ ಬಂದು, ಬೆಂಚಿನ ಮೇಲಿದ್ದ ತಮ್ಮ ಚೀಲ ತೆಗೆದುಕೊಂಡು ಹೊರಟುಹೋದರು. ಕೃಪಾ ಕಿಟಕಿಯಿಂದ ನೋಡಿದಳು. ನೋಡುತ್ತಲೇ ಎದ್ದು ನಿಂತಳು.

"ಮಿಸ್, ನಮ್ಮಪ್ಪ ಒಬ್ರೇ ಹೋಗ್ತಿದ್ದಾರೆ. ನಾನೂ ಹೋಗ್ಲಾ?"

ಇಡೀ ತರಗತಿ ಅವಳತ್ತ ತಿರುಗಿತು. ಹೋಗೆಂದೆ. ಆಮೇಲೆ ಪಾಠ ಸಾಗಲಿಲ್ಲ. ಅಂಗಳದಲ್ಲಿ ಅವಳು ಓಡಿ ಅಪ್ಪನ ಕೈಯಿಂದ ಚೀಲ ಕಿತ್ತುಕೊಂಡು ತನ್ನ ಹೆಗಲಿಗೆ ಹಾಕಿಕೊಂಡದ್ದನ್ನು ನಾವೆಲ್ಲ ನೋಡಿದೆವು. ನಗುತ್ತಿದ್ದ ಹುಡುಗರೂ ನೋಡಿದರು.

ಅಯ್ಯನವರು ಮತ್ತೆ ಬರಲಾರರೆಂದೇ ನಾವು ತಿಳಿದಿದ್ದೆವು. ಆದರೆ ಮುಂದಿನ ಜೂನ್‌ನಲ್ಲಿ ಅಪ್ಪ ಮಗಳು ಒಂದೇ ಬಸ್ಸಿನಿಂದ ಇಳಿದರು. ಅಂತಿಮ ವರ್ಷದ ಕೃಪಾ ಮೊದಲ ವರ್ಷದವರ ಬಾಗಿಲಿಗೆ ಅಪ್ಪನನ್ನು ಕರೆದುಕೊಂಡು ಹೋಗಿ, "ಇವರು ನಮ್ಮಪ್ಪ. ಯಾರಾದ್ರೂ ಕೀಟಲೆ ಮಾಡಿದ್ರೆ ನೋಡ್ರಪ್ಪ ಮತ್ತೆ!" ಎಂದಳು. ಅಯ್ಯನವರು ನಾಚಿ ನೆಲ ನೋಡುತ್ತಿದ್ದರು. ಮೂರು ವರ್ಷ ಓದಿದರು. ಕನ್ನಡದಲ್ಲಿ ಹೇಗೋ ದಡ ಸೇರಿದರು.

ಅವರು ತೀರಿಕೊಂಡ ಸುದ್ದಿ ನನಗೆ ಬಹಳ ತಡವಾಗಿ ತಲುಪಿತ್ತು. ಇಸ್ತ್ರಿ ಗಾಡಿಯಿಂದ ಮನೆಗೆ ಬಂದವಳೇ ಕೃಪಾಳಿಗೆ ಫೋನ್ ಮಾಡಿ, ಭಾನುವಾರ ಭದ್ರಾವತಿಗೆ ಹೋದೆ. ಈಗ ನ್ಯೂ ಟೌನಿನ ಹೈಸ್ಕೂಲೊಂದರಲ್ಲಿ ಪಾಠ ಹೇಳುವ ಅವಳು, ಊಟವಾದ ಮೇಲೆ "ಅಪ್ಪನ ಹತ್ರ ಹೋಗಿ ಬರೋಣ, ಮಿಸ್" ಎಂದಳು.

ಮಣ್ಣಿಗಿಡುವುದು ನಮ್ಮವರಲ್ಲೂ ಇರುವ ಪದ್ಧತಿ. ಆ ಜಾಗ ನನಗೆ ಹೊಸದೆನಿಸಲಿಲ್ಲ. ಸಮಾಧಿಯ ಕಲ್ಲಿನ ಮೇಲೆ ರೆವರೆಂಡ್ ದೇವಪ್ರಸಾದ್ ಎಂದಿತ್ತು. ಪಕ್ಕದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಬಿ.ಎ.

"ಸಭೆಯವರು ರೆವರೆಂಡ್ ಅಂತ ಇದ್ರೆ ಸಾಕು ಅಂದ್ರು ಮಿಸ್. ನಾನು ಬಿಡ್ಲಿಲ್ಲ."

ಅವಳು ಸೆರಗಿನಿಂದ ಆ ಅಕ್ಷರಗಳ ಧೂಳು ಒರೆಸಿದಳು. ಇಷ್ಟು ವರ್ಷ ನಾನು ಬೈಬಲ್ ಶಾಲೆಯ ಜೊತೆಗಿನ ಆ ಒಪ್ಪಂದವನ್ನು ಕೆಟ್ಟುಹೋದ ಕೆಲಸವೆಂದೇ ನೆನೆಯುತ್ತಿದ್ದೆ. ಅಂದಿನಿಂದ ಹಾಗೆ ನೆನೆಯುವುದನ್ನು ಬಿಟ್ಟಿದ್ದೇನೆ.