ಅಮೆರಿಕದ ರೆಕಾರ್ಡಿನಲ್ಲಿ ಪಿಂಜಾರನ ದನಿ

ಆ ಅಮೆರಿಕದವನು ನನ್ನ ಕಾಲು ಮುಟ್ಟಲು ಬಗ್ಗಿದಾಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಮುಟ್ಟಲಿ ಎಂದು ಚಪ್ಪಲಿ ಬಿಟ್ಟು ನಿಂತೆ. ಅದು ನೆನಪಾದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಸಿಟ್ಟು ಮೊದಲು ನನ್ನ ಮೇಲೆ. ಆಮೇಲೆ ಅವನ ಮೇಲೂ ಇದೆ. ಸಮುದ್ರ ದಾಟಿ ಬಂದವನು ಎರಡು ಓಣಿ ದಾಟಿ, ಟೇಪಿನಲ್ಲಿ ಈ ಪದ ಹಾಡಿದವರು ಯಾರು ಎಂದು ಒಬ್ಬರನ್ನಾದರೂ ಕೇಳಬಾರದಿತ್ತೆ? ಕೇಳಿದ್ದರೆ ಗಂಗಾವತಿಯ ಯಾವ ಚಹಾದಂಗಡಿಯವನೂ ಹೇಳುತ್ತಿದ್ದ.

ನನ್ನದು ಈಗ ಝೆರಾಕ್ಸ್ ಅಂಗಡಿ. ಮೊದಲು ಕ್ಯಾಸೆಟ್ ಅಂಗಡಿಯಾಗಿತ್ತು. ಜನ ಖಾಲಿ ಕ್ಯಾಸೆಟ್ಟು, ಹಾಡಿನ ಪಟ್ಟಿ ತಂದು ಕೊಡುತ್ತಿದ್ದರು, ನಾನು ತುಂಬಿಸಿ ಕೊಡುತ್ತಿದ್ದೆ. ಹಿಂದಿನ ಕೋಣೆಯ ಗೋಡೆಗೆ ಗೋಣಿಚೀಲ ಹೊಡೆದು, ಒಂದು ಮೈಕು ಇಟ್ಟು, ಸುತ್ತಲಿನ ಹಾಡುಗಾರರ ಹಾಡನ್ನೂ ತುಂಬಿಸುತ್ತಿದ್ದೆ. ನಮ್ಮ ಟೇಪನ್ನು ಬೇರೆ ಅಂಗಡಿಯವನು ನಕಲು ಮಾಡಬಾರದೆಂದು ಆಗ ನಾವೆಲ್ಲ ಒಂದು ರೂಢಿ ಇಟ್ಟುಕೊಂಡಿದ್ದೆವು. ಹಾಡು ಶುರುವಾಗುವ ಮುಂಚೆ ಅಂಗಡಿಯವನು ತನ್ನ ದನಿಯಲ್ಲೇ ಅಂಗಡಿಯ ಹೆಸರು, ಹಾಡಿದವರ ಹೆಸರು, ಊರು ಹೇಳಿ ಎಕೋ ಕೊಟ್ಟು ಸೇರಿಸುವುದು. ನನ್ನ ದನಿ ಗಡುಸು. ಎಕೋ ಹಾಕಿದರೆ ಬಾವಿಯೊಳಗಿಂದ ದೇವರು ಮಾತಾಡಿದ ಹಾಗಿರುತ್ತಿತ್ತು. ಅದರ ಜಂಬ ನನಗೆ ವಿಪರೀತವಿತ್ತು.

ಮರಳಿ ಎಂಬ ಹಳ್ಳಿಯಿಂದ ಬಂದು ನಮ್ಮ ಓಣಿಯ ಹತ್ತಿರ ನೆಲೆಸಿದ್ದ ಪಿಂಜಾರನೊಬ್ಬ ನನ್ನ ಗೆಳೆಯ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವನ ಕೆಲಸ. ಮೊಹರಮ್ಮಿನಲ್ಲಿ ಅವನು ಹಾಡುವ ರಿವಾಯತ್ ಪದ, ಅಂದರೆ ಕರ್ಬಲಾದ ಶೋಕದ ಹಾಡು, ಕೇಳಲು ದೂರದ ನವಲಿಯಿಂದಲೂ ಜನ ಬರುತ್ತಿದ್ದರು. ಸವಾರನಿಲ್ಲದೆ ಕುದುರೆಯೊಂದೇ ಮನೆಯ ಮುಂದೆ ಬಂದು ನಿಂತದ್ದನ್ನು ಒಬ್ಬ ತಾಯಿ ನೋಡುವ ಪದ ಅವನೇ ಕಟ್ಟಿದ್ದು. ಬೇರೆ ಯಾರ ಬಾಯಲ್ಲೂ ಅದಿರಲಿಲ್ಲ. ಅವನು ಅದನ್ನು ಎತ್ತಿದರೆ ಬೆಂಕಿಯ ಕುಣಿಯ ಸುತ್ತ ನಿಂತ ಗಂಡಸರು ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು.

ನಾನೇ ಬೆನ್ನು ಹತ್ತಿ ಅವನನ್ನು ಮೈಕಿನ ಮುಂದೆ ಕೂಡಿಸಿದೆ. ಪದ ತುಂಬಿಸಿ, ಮುಂದೆ ನನ್ನ ದನಿ ಸೇರಿಸಿ ಕೇಳಿಸಿದಾಗ ಅವನು ನಕ್ಕ.

“ಲೇ ದೋಸ್ತ, ಮೊದಲ ನಿನ್ನ ಬಾಯಿ, ಆಮ್ಯಾಲ ನನ್ನ ಬಾಯಿ. ಬಾಜಾ ಮುಂದ, ಮದಿಮಗ ಹಿಂದ ಇದ್ದಂಗ ಆತು.”

“ಬಾಜಾ ಇಲ್ಲದ ಮದಿಮಗನ್ನ ಯಾರ ನೋಡ್ತಾರಲೇ?”

“ಆತು ಬಿಡಪಾ. ನನ್ನ ಮಗಳಿಗೊಂದು ಕ್ಯಾಸೆಟ್ ಮಾಡಿಕೊಡು. ನಮ್ಮಪ್ಪ ಬರೇ ಗಾದಿ ಹೊಲೀತಿದ್ದಿಲ್ಲ ಅಂತ ಆಕಿಗೆ ಗೊತ್ತಾಗ್ಲಿ.”

ಮಾಡಿಕೊಡುತ್ತೇನೆ ಎಂದೆ. ಮಾರಲು ಮಾಡಿದ ಕ್ಯಾಸೆಟ್ಟುಗಳನ್ನು ಯಾರೂ ಒಯ್ಯಲಿಲ್ಲ. ಮೊಹರಮ್ಮಿನಲ್ಲಿ ಎದುರಿಗೆ ಕೇಳುವವರು ಅಂಗಡಿಯಲ್ಲಿ ಯಾಕೆ ಕೊಳ್ಳುತ್ತಾರೆ? ಅವುಗಳ ಮೇಲೆಲ್ಲ ಸಿನಿಮಾ ಹಾಡು ತುಂಬಿಸಿಬಿಟ್ಟೆ. ಮೂಲ ಟೇಪೊಂದೇ ಉಳಿಯಿತು.

ಆ ವರ್ಷವೇ ಒಬ್ಬ ಉದ್ದಕೂದಲಿನ ಅಮೆರಿಕದವನು ಅಂಗಡಿಗೆ ಬಂದ. ಸಣಾಪುರದ ಕಡೆ ಹೊಳೆದಂಡೆಯಲ್ಲಿ ಇಳಿದುಕೊಂಡಿದ್ದ. ಖಾಲಿ ಕ್ಯಾಸೆಟ್ಟು ಬೇಕಿತ್ತು. ನಾನು ಸುಮ್ಮನೆ ಗತ್ತು ತೋರಿಸಲು ಗೆಳೆಯನ ಟೇಪು ಹಾಕಿದೆ. ಅವನು ಸ್ಟೂಲಿನ ಮೇಲೆ ಕೂತವನು ಏಳಲಿಲ್ಲ. ಪದ ಮುಗಿದ ಮೇಲೆ ಕಣ್ಣು ಒರೆಸಿಕೊಂಡು, ನನ್ನ ಎದೆಯ ಕಡೆ ಬೆರಳು ತೋರಿಸಿ, ನೀನೇ ಏನು ಎಂದು ಕೇಳಿದ. ಮೊದಲಿಗೆ ಬರುವ ದನಿ ನನ್ನದೆಂದು ಅವನಿಗೆ ಗುರುತು ಸಿಕ್ಕಿತ್ತು. ಅದೇ ದನಿ ಮುಂದೆ ಹಾಡಿದೆ ಎಂದುಕೊಂಡಿದ್ದ.

ಹತ್ತನೆಯ ತರಗತಿವರೆಗೆ ಓದಿದ್ದೆ. ‘ನೋ’ ಎನ್ನುವಷ್ಟು ಇಂಗ್ಲಿಷು ನನಗೆ ಬರುತ್ತಿತ್ತು. ಗೆಳೆಯ ಎರಡು ಓಣಿ ಆಚೆ ಗಾದಿ ಹೊಲಿಯುತ್ತ ಕೂತಿದ್ದ. ಕರೆದಿದ್ದರೆ ಮೈಮೇಲಿನ ಹತ್ತಿ ಝಾಡಿಸಿಕೊಂಡು ಬರುತ್ತಿದ್ದ. ನಾನು ತಲೆಯಾಡಿಸಿದೆ. ಹೌದು, ನಾನೇ. ಮೈಕಿನ ಮುಂದೆ ಕೂತು ಫೋಟೋ ತೆಗೆಸಿಕೊಂಡೆ, ಕಾಗದದ ಮೇಲೆ ಹೆಸರು ಬರೆದುಕೊಟ್ಟೆ. ಮೂಲ ಟೇಪನ್ನೇ ಅವನ ಕೈಗಿಟ್ಟೆ. ಒಂದು ನಕಲು ತೆಗೆದಿಟ್ಟುಕೊಳ್ಳುವಷ್ಟೂ ನನಗೆ ಗೆಳೆಯನ ನೆನಪಾಗಲಿಲ್ಲ. ಇದಕ್ಕಿಂತ ದೊಡ್ಡ ಅಪರಾಧ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಗೆಳೆಯ ಮಗಳ ಕ್ಯಾಸೆಟ್ಟು ಕೇಳಿದಾಗಲೆಲ್ಲ ‘ನಾಳಿ’ ಎಂದೆ. ಹತ್ತಿಯ ಧೂಳು ಅವನ ಎದೆಯಲ್ಲಿ ಕೂತಿತ್ತು, ಹೋಗಿಬಿಟ್ಟ. ಮಗಳು ಓದಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದಳು. ಒಂದು ಸಲ ತಾನಾಗಿ ಬಂದು ಕೇಳಿದಳು. ಟೇಪಿಗೆ ಬೂಷ್ಟು ಹಿಡಿದು ಹಾಳಾಯಿತವ್ವ ಎಂದೆ. “ಇರ್ಲಿ ಬಿಡ್ರಿ ಕಾಕಾ, ನೀವರ ಏನ್ ಮಾಡ್ತೀರಿ” ಎಂದು ಅವಳೇ ನನಗೆ ಸಮಾಧಾನ ಹೇಳಿ ಹೋದಳು.

ಹೋದ ವರ್ಷ ಆ ಅಮೆರಿಕದವನು ಮತ್ತೆ ಬಂದ. ಕೂದಲು ಉದುರಿತ್ತು. ಕಾಲು ಮುಟ್ಟಿದ, ಅಪ್ಪಿಕೊಂಡ, ಏನೇನೋ ಹೇಳಿದ. ನನಗೆ ತಿಳಿಯಲಿಲ್ಲ. ಎದುರಿನ ಅಂಗಡಿಯವನು, ಇರ್ರಿ, ಟೀಚರ್‌ನ್ನ ಕರೀತೇನಿ ಎಂದು ಹೋಗಿ ಗೆಳೆಯನ ಮಗಳನ್ನೇ ಕರೆತಂದ. ಅವನು ಯಾಕೆ ಬಂದಿದ್ದಾನೆಂದು ಆಗಲೂ ನನಗೆ ಹೊಳೆದಿರಲಿಲ್ಲ.

ಅವಳು ಅವನ ಮಾತನ್ನು ಕನ್ನಡಕ್ಕೆ ಮಾಡುತ್ತ ಹೋದಳು. ಅವರು ನಾಲ್ವರು ಗೆಳೆಯರಂತೆ. ಅರ್ಧ ವರ್ಷ ಹಿಮ ಬೀಳುವ ಊರು. ಒಬ್ಬ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ, ಒಬ್ಬ ಪೆಟ್ರೋಲ್ ಬಂಕಿನಲ್ಲಿದ್ದ. ಯಾವ ಕಂಪನಿಯೂ ಇವರನ್ನು ಮೂಸಿ ನೋಡಲಿಲ್ಲ. ಇವನ ಮನೆಯ ನೆಲಮಾಳಿಗೆಯಲ್ಲಿ ಹಳೆಯ ಗಾದಿಗಳನ್ನು ಗೋಡೆಗೆ ಆನಿಸಿ ಮೊದಲ ಕ್ಯಾಸೆಟ್ಟು ಮಾಡಿದರು. ತಾವೇ ನಕಲು ಮಾಡಿ, ವ್ಯಾನಿನಲ್ಲಿ ಊರೂರು ತಿರುಗಿ, ಬಾಜಾ ಬಾರಿಸಿ ಮಾರಿದರು. ಹೀಗೆ ಕಂಪನಿಗಳ ಹಂಗಿಲ್ಲದೆ ಮಾಡುವುದಕ್ಕೆ ಇಂಡೀ ರಾಕ್ ಎನ್ನುತ್ತಾರಂತೆ. ಎರಡನೆಯ ರೆಕಾರ್ಡನ್ನು ಪತ್ರಿಕೆಯವರು ಹೊಗಳಿದರು. ಮೂರನೆಯದರಲ್ಲಿ ನನ್ನ ಟೇಪು ಸೇರಿತು. ನಾಲ್ಕನೆಯದನ್ನು ಯಾರೂ ಕೇಳಲಿಲ್ಲ. ವ್ಯಾನಿನಲ್ಲೇ ಜಗಳವಾಗಿ ನಾಲ್ವರೂ ನಾಲ್ಕು ದಾರಿ ಹಿಡಿದರು. ಈಗಿನ ಹುಡುಗರು ಇಂಟರ್ನೆಟ್ಟಿನಲ್ಲಿ ಆ ಮೂರನೆಯದನ್ನು ಹುಡುಕಿ ತೆಗೆದಿದ್ದಾರೆ, ಎಲ್ಲರಿಗೂ ನನ್ನ ಹಾಡೇ ಬೇಕು, ತಂಡ ಮತ್ತೆ ಒಂದಾಗಿದೆ. ನಾನು ಅಮೆರಿಕಕ್ಕೆ ಹೋಗಿ ಅವರ ಜೊತೆ ನಿಂತು ಹಾಡಬೇಕು.

ಅವಳು ಕಣ್ಣರಳಿಸಿ ನನ್ನನ್ನು ನೋಡಿದಳು. “ಕಾಕಾ, ನೀವೂ ಹಾಡ್ತಿದ್ರೇನು? ನಮ್ಮಪ್ಪ ಎಂದೂ ಹೇಳಿದ್ದಿಲ್ಲ!”

“ಈಗ ಗಂಟಲ ಹೋಗೇತಿ ಅಂತ ಹೇಳವ್ವ,” ಎಂದೆ. ಮುದಿ ವಯಸ್ಸಿನಲ್ಲಿ, ಗೆಳೆಯನ ಮಗಳ ಬಾಯಿಂದಲೇ, ಅದೇ ಸುಳ್ಳನ್ನು ಮತ್ತೊಮ್ಮೆ ಹೇಳಿಸಿದೆ.

ಅಮೆರಿಕದವನು ಬೇಸರದಿಂದ ಮೊಬೈಲು ತೆಗೆದು ಹಾಡು ಹಚ್ಚಿದ. ಮೊದಲು ಗಿಟಾರು. ಆಮೇಲೆ ಬಾವಿಯೊಳಗಿನ ನನ್ನ ದನಿ. ಅಂಗಡಿಯ ಹೆಸರು. ಹಾಡಿದವರು, ಮರಳಿಯ ಇಂಥವರು ಎಂದು ಅವಳಪ್ಪನ ಹೆಸರು. ಕನ್ನಡ ಬಾರದ ಜನ ಇಷ್ಟು ವರ್ಷ ಅದನ್ನು ಸಂಗೀತವೆಂದು ಕೇಳಿದ್ದಾರೆ. ಆಮೇಲೆ ಗೆಳೆಯ ಪದ ಎತ್ತಿದ.

ಅವಳು ಕೈಚೀಲವನ್ನು ಝೆರಾಕ್ಸ್ ಮಷೀನಿನ ಮೇಲಿಟ್ಟು ಅದನ್ನೇ ಹಿಡಿದುಕೊಂಡು ನಿಂತಳು. ಮೂರು ನುಡಿ ಆಗುತ್ತಲೇ ಡ್ರಮ್ಮು ಏರಿ ದನಿ ಮುಳುಗಿತು.

“ಬೂಷ್ಟು ಹಿಡಿದಿತ್ತು ಅಂದಿದ್ರಿ.”

ಅಮೆರಿಕದವನು ಏನಾಯಿತು, ಆ ಮೊದಲಿನ ಮಾತಿನ ಅರ್ಥವೇನು ಎಂದು ಕೇಳಿದ.

“ನಾ ಹೇಳಂಗಿಲ್ಲ,” ಎಂದಳು ನನಗೆ. “ನೀವ ಹೇಳ್ರಿ. ಅವತ್ತು ಹೌದು ಅನ್ನಾಕ ಬಂದಿತ್ತಲ್ಲ ಇಂಗ್ಲಿಷ್? ಅಷ್ಟರಾಗ ಹೇಳ್ರಿ.”

ಹೇಳಿದೆ. ಐದಾರು ಶಬ್ದ. ನಾನಲ್ಲ. ಇವಳಪ್ಪ. ಸತ್ತಿದ್ದಾನೆ. ಅಮೆರಿಕದವನ ಮುಖದ ಬಣ್ಣ ಇಳಿಯಿತು. ಕ್ಷಮೆ ಕೇಳಿದ, ಎಲ್ಲ ಕಡೆ ಹೆಸರು ತಿದ್ದಿಸುತ್ತೇನೆ ಎಂದ. ಆಮೇಲೆ ತಿದ್ದಿಸಿದನಂತೆ ಕೂಡ. ಆದರೆ ಅವಳು ಹೆಸರು ಕೇಳಲಿಲ್ಲ. ಡ್ರಮ್ಮು, ಗಿಟಾರು ಇಲ್ಲದ ಮೂಲ ಟೇಪು ಬೇಕು ಎಂದಳು. ತಂಡ ಒಡೆದ ದಿನ ಡ್ರಮ್ಮಿನವನು ಸಿಟ್ಟಿನಲ್ಲಿ ಟೇಪಿನ ಪೆಟ್ಟಿಗೆಯನ್ನೇ ಕಸಕ್ಕೆ ಎಸೆದನಂತೆ. ಹಾಗೆ ಹೇಳುವಾಗ ಅವನು ಸ್ವಲ್ಪ ನಕ್ಕ, ಹಳೆಯ ಜಗಳ ನೆನೆದು. ಅವನ ಕುತ್ತಿಗೆ ಹಿಡಿಯಬೇಕೆನಿಸಿತು ನನಗೆ. ನನಗೆ ಯಾವ ಮುಖವಿತ್ತು ಹಿಡಿಯಲು?

ಒಂದು ವಾರವಾದ ಮೇಲೆ ಅವಳೇ ಹೇಳಿ ಕಳಿಸಿದಳು. ಹೋದೆ. ಚಹಾ ಕೊಡಲಿಲ್ಲ. ನೋಟುಬುಕ್ಕು, ಪೆನ್ನು ಹಿಡಿದು ಕೂತಿದ್ದಳು. ಮುಳುಗಿಹೋದ ನುಡಿಗಳು ಈಗ ಯಾರಿಗೂ ಬಾರವು. ಕ್ಯಾಸೆಟ್ಟು ಮಾಡುವಾಗ ಮತ್ತೆ ಮತ್ತೆ ಕೇಳಿದ ನನ್ನ ತಲೆಯಲ್ಲಿ ಮಾತ್ರ ಇದ್ದವು. ನಾನು ಗಂಟಲು ಸರಿಮಾಡಿಕೊಂಡು ಧಾಟಿ ಹಿಡಿದೆ.

“ಹಾಡಬ್ಯಾಡ್ರಿ,” ಎಂದಳು. “ಬರೇ ಹೇಳ್ರಿ.”

ಹೇಳಿದೆ, ಬರೆದುಕೊಂಡಳು. ಐದನೆಯ ನುಡಿಯಲ್ಲಿ ಒಂದು ಸಾಲು ನೆನಪಾಗಲಿಲ್ಲ. ಪ್ರಾಸ ಕೂಡುವ ಹಾಗೆ ಏನಾದರೊಂದು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂತು, ಯಾರಿಗೂ ತಿಳಿಯುತ್ತಿರಲಿಲ್ಲ.

“ಈ ಸಾಲು ನನಗ ಗೊತ್ತಿಲ್ಲವ್ವ,” ಎಂದೆ.

ಅವಳು ತಲೆ ಎತ್ತಲಿಲ್ಲ. ಒಂದು ಸಾಲಿನ ಜಾಗ ಖಾಲಿ ಬಿಟ್ಟು, ಕೆಳಗಿನ ಗೆರೆಯ ಮೇಲೆ ಪೆನ್ನು ಇಟ್ಟಳು.

“ಮುಂದ ಹೇಳ್ರಿ.”