ಬಿಳಿ ಹಣ್ಣಿನ ರೋವನ್

ನಮ್ಮೂರಲ್ಲಿ ಗೇಟಿಗೊಂದು ರೋವನ್ ಮರ ಇರಲೇಬೇಕು. ಅದರ ಕೆಂಪು ಹಣ್ಣು ಕಂಡರೆ ಮಾಟಗಾತಿ ಒಳಗೆ ಕಾಲಿಡುವುದಿಲ್ಲ. ಇದನ್ನು ನಾವ್ಯಾರೂ ನಂಬುವುದಿಲ್ಲ. ಆದರೆ ಆ ಮರ ಕಡಿಯುವ ಧೈರ್ಯದವರನ್ನೂ ನಾನು ಸ್ಕಾಟ್ಲೆಂಡಿನ ಈ ಬೆಟ್ಟಗಳಲ್ಲಿ ಕಂಡಿಲ್ಲ.

ಪಕ್ಕದ ಮನೆಯ ಎಫಿ ಅತ್ತೆ ತೀರಿಹೋಗಿ ಮೂರು ವರ್ಷವಾಯಿತು. ಅವಳ ಗೇಟಿನ ಹಳೆಯ ಮರವನ್ನು ನೆಟ್ಟವನು ಅವಳ ತಮ್ಮ ಯೂಅನ್. ಹಡಗಿನ ಕೆಲಸದ ಅವನಿಗೆ ರಜೆ ಸಿಗುತ್ತಿದ್ದುದು ಹೊಸವರ್ಷಕ್ಕೆ ಮಾತ್ರ. ಅಷ್ಟರಲ್ಲಿ ಹಕ್ಕಿಗಳು ಮರ ಬೋಳಿಸಿರುತ್ತಿದ್ದವು. ತಾನು ನೆಟ್ಟ ಮರದಲ್ಲಿ ಹಣ್ಣು ತೂಗುವುದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಅತ್ತೆಗೆ ಅದೇ ಕೊರಗು. ಬಿರುಗಾಳಿಗೆ ಆ ಮರ ಉರುಳಿದಾಗ, ಹೊಸದೊಂದು ಸಸಿ ತಂದು, ರಜೆಗೆ ಬಂದ ಯೂಅನ್ ಕೈಯಲ್ಲೇ ನೆಡಿಸಿದಳು. ಹಣ್ಣು ಯಾವ ಬಣ್ಣದ್ದೆಂದು ಅವನಿಗೆ ಹೇಳಲಿಲ್ಲ.

ಕೆಲವು ವರ್ಷದ ಮೇಲೆ ಗೊಂಚಲುಗಟ್ಟಲೆ ಹಣ್ಣು ಬಂತು. ಅಚ್ಚ ಬಿಳಿ! ಎದುರುಮನೆಯ ಮರ್ಡೋಗೆ ದಿಗಿಲು.

"ಎಫಿ, ಬಿಳೀದಕ್ಕೆ ಮಾಟಗಾತಿ ಹೆದರ್ತಾಳಾ? ಒಳಗೆ ಬಂದು ಟೀ ಕುಡ್ಕೊಂಡು ಹೋಗ್ತಾಳೆ!"

"ಕುಡೀಲಿ ಬಿಡೋ. ನಿನ್ನ ಹೆಂಡ್ತಿ ದಿನಾ ಕುಡ್ಕೊಂಡು ಹೋಗಲ್ವಾ?"

ನನಗೆ ಮಾತ್ರ ಗುಟ್ಟು ಹೇಳಿದಳು: "ಹಕ್ಕಿಗಳು ಬಿಳೀದನ್ನ ಇನ್ನೂ ಕಾಯಿ ಅನ್ಕೋತಾವೆ ಕಣೋ. ಯೂಅನ್ ಬರೋವರೆಗೂ ಉಳಿಯತ್ತೆ."

ಆದರೆ ಕ್ರಿಸ್‌ಮಸ್ ಮುಗಿಯುತ್ತಲೇ ಹಿಮ ಗಟ್ಟಿಯಾಯಿತು. ಹಸಿದ ಹಕ್ಕಿಗಳು ಬಣ್ಣ ನೋಡಲಿಲ್ಲ, ಹಿಂಡಾಗಿ ಬಂದಿಳಿದವು. ಸಾಲ್ಮನ್ ಸಾಕಣೆಯಲ್ಲಿ ಮೀನಿಗೆ ಮೇವು ಹಾಕುವ ನನ್ನನ್ನು ಅತ್ತೆ ಕಾವಲಿಗೆ ನಿಲ್ಲಿಸಿದಳು. ನಾನು ಕೈ ಬೀಸಿದೆ, ಕೂಗಿದೆ. ಹಕ್ಕಿಗಳು ನನ್ನನ್ನು ಕೆಲಸದಲ್ಲಿ ನಮ್ಮ ಮೇಸ್ತ್ರಿ ನೋಡುವಷ್ಟೇ ಗೌರವದಿಂದ ನೋಡಿದವು.

"ಒಂದು ಕೊಂಬೆ ಕಡಿದು ನನ್ನ ಶೆಡ್ಡಲ್ಲಿ ಇಡ್ಲಾ?" ಎಂದ ಮರ್ಡೋ.

"ರೋವನ್‌ಗೆ ಕಬ್ಬಿಣ ತಾಗಿಸ್ತೀಯಾ? ಮಾಟಗಾತಿ ಬೇಡ, ನಾನೇ ಬರ್ತೀನಿ ನಿನ್ ಮನೆಗೆ!"

ಕೊನೆಗೆ ಅತ್ತೆ ಚಳಿಗಾಲಕ್ಕೆಂದು ಕೂಡಿಟ್ಟಿದ್ದ ಸೇಬುಗಳನ್ನೆಲ್ಲ ಹೆಚ್ಚಿ, ರಸ್ತೆಯಾಚೆ ಹಿಮದ ಮೇಲೆ ಹರಡಿದಳು. ಹಕ್ಕಿಗಳು ಅತ್ತ ಹಾರಿದವು. ಇತ್ತ ಮರದಲ್ಲಿ ಉಳಿದದ್ದು ಗೇಟಿನ ಕಡೆಯ ಕೊಂಬೆಯ ಎರಡು ಮೂರು ಗೊಂಚಲು.

ವರ್ಷದ ಕೊನೆಯ ಮಧ್ಯಾಹ್ನ ಯೂಅನ್ ಬಸ್ಸಿಳಿದ. ಗೇಟಿಗೆ ಕೈಯಿಟ್ಟವನು ತಲೆಯೆತ್ತಿದ.

"ಎಫಿ, ಈ ಮರಕ್ಕೆ ಯಾರು ಹತ್ತಿ ಉಂಡೆ ಅಂಟಿಸಿದ್ರು?"

"ಹಣ್ಣು ಕಣೋ ಮಂಕೆ. ನೀನೇ ನೆಟ್ಟಿದ್ದು."

ಅವನು ಚೀಲವನ್ನು ಹಿಮದ ಮೇಲೇ ಇಳಿಸಿ, ಕೈಗವಸು ಕಳಚಿ, ಒಂದು ಗೊಂಚಲನ್ನು ಅಂಗೈಯಲ್ಲಿ ತೂಗಿ ನೋಡಿದ. ಕೀಳಲಿಲ್ಲ. ಒಳಗೆ ಸೂಪು ಆರುತ್ತಿತ್ತು. ಊಟಕ್ಕೆ ತಡಮಾಡಿದರೆ ಊರೆಲ್ಲ ಕೇಳುವಂತೆ ಕೂಗುವ ಎಫಿ ಅತ್ತೆ, ಅವತ್ತು ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟಳು.