ಚಿಲಕವಿದ್ದ ಒಂದೇ ಕೋಣೆ

ನಮ್ಮ ಯಜಮಾನರು ತೀರಿಕೊಂಡ ಮೇಲೆ ಬೇಡಕಿಹಾಳದಾಚೆಯ, ನಾನು ಕಲಿಸುವ ಶಾಲೆಗೆ ಅವರ ಬೈಕಿನಲ್ಲೇ ಹೋಗತೊಡಗಿದೆ. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಸೆರಗು ಗಾಲಿಗೆ ಸಿಕ್ಕೀತೆಂದು ಅಂಜಿ ಚೂಡಿದಾರ ಹಾಕಿಕೊಂಡೆ.

"ಅಕ್ಕೋರ, ಸಾಲ್ಯಾಗ ಸೀರಿನ ಉಡಬೇಕ್ರಿ," ಎಂದರು ಟೀ ಶರ್ಟಿನಲ್ಲಿದ್ದ ಹೆಡ್‌ಮಾಸ್ತರರು.

"ಇಲ್ಲೇ ಬಂದು ಉಡತೀನ್ರಿ ಸರ್. ಆದ್ರ ಒಳಗ ಚಿಲಕ ಇರೋದು ನಿಮ್ಮ ಕೋಣಿಗಷ್ಟ."

ಅಂದಿನಿಂದ ದಿನಾ ಎರಡು ಹೊತ್ತು, ನಾನು ಬಂದು ಸೀರೆ ಉಡುವಾಗ ಮತ್ತು ಹೋಗುವ ಮುಂಚೆ ಬದಲಿಸುವಾಗ, ಹದಿನೈದು ನಿಮಿಷ ಅವರು ಹೊರಗೆ ನಿಂತರು. ನಾನು ಬೇಕೆಂದು ತಡಮಾಡಲಿಲ್ಲ. ಸೀರೆಗೆ ಅಷ್ಟು ಹೊತ್ತು ಬೇಕು. ನಾಲ್ಕನೆಯ ದಿನ ಕೋಣೆಯೊಳಗೆ ಅವರ ಫೋನು ಬಡಿದುಕೊಂಡಿತು.

"ಬಿಇಓ ಸಾಹೇಬ್ರ ಫೋನ್ ಇರಬೇಕ್ರಿ!"

"ನೆರಗಿ ಹಿಡ್ಯಾಕತ್ತೀನ್ರಿ ಸರ್."

ಫೋನು ಬಡಿದು ಬಡಿದು ನಿಂತ ಮೇಲೆ ಬಾಗಿಲಾಚೆಯಿಂದ ಸಣ್ಣ ದನಿ ಬಂತು: "ನಾಳಿಂದ ಚೂಡಿದಾರನ ನಡಿತೈತ್ರಿ ಅಕ್ಕೋರ."

ಸಂಜೆ ಇದನ್ನು ಮನೆಯಲ್ಲಿ ಹೇಳಿ ನಗಬೇಕೆನಿಸಿತು. ಕೇಳುವವರಿರಲಿಲ್ಲ. ದಾರಿಯಲ್ಲಿ ಬೈಕಿಗೇ ಹೇಳಿದೆ.